ಕುರ್ಚಿ ಕೊಡದ ಗೆಳತಿ

ನನ್ನ ಗೆಳತಿಯಷ್ಟು ಮರ್ಯಾದೆ ಗೊತ್ತಿಲ್ಲದ ಹೆಂಗಸು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ. ಬೇಕಾದರೆ ನಾಗಮಂಗಲ, ಪಾಂಡವಪುರದಲ್ಲೂ ಹುಡುಕಿ ನೋಡಿ, ನನ್ನ ಅಭ್ಯಂತರವಿಲ್ಲ! ವರ್ಷಗಟ್ಟಲೆ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ರಜೆಗೆ ಊರಿಗೆ ಬಂದವಳನ್ನು ಯಾರಾದರೂ ಹೇಗೆ ಎದುರುಗೊಳ್ಳುತ್ತಾರೆ? ಇವಳು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವಳೇ ಅವರೆಕಾಯಿ ಚೀಲವನ್ನು ಕೈಗೆ ಕೊಟ್ಟು, "ಇಡ್ಕೊ ಅಮ್ಮಿ, ಕೊತ್ತಂಬ್ರಿ ಸೊಪ್ಪು ಮರ್ತ್ಬುಟ್ಟೆ" ಎಂದು ಮಾರ್ಕೆಟ್ಟಿನೊಳಗೆ ಮಾಯವಾದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಅವರೆಕಾಯಿ ಹಿಡಿದು ನಾನು ನನ್ನೂರಿಗೆ ಪ್ರವೇಶ ಮಾಡಿದೆ.

ನಿಜ ಹೇಳಬೇಕೆಂದರೆ, ಆ ದೇಶ ನನಗೆ ಸಾಕಾಗಿತ್ತು. ಮದುವೆ, ಮಕ್ಕಳು ಇಲ್ಲದ ಒಂಟಿ ಜೀವ. ಇಲ್ಲೇ ಉಳಿದುಬಿಡುವ ಆಸೆ. ಆದರೆ ಸಿಕ್ಕವರೆಲ್ಲ "ಯಾವಾಗ್ ಬಂದೆ?" ಅಂದ ಬೆನ್ನಿಗೇ "ಯಾವಾಗ್ ವಾಪಸ್ಸು?" ಅನ್ನುತ್ತಿದ್ದರು. ಅಂಥವರ ಮುಂದೆ ಉಳಿಯುವ ಮಾತನ್ನು ಹೇಗೆ ಎತ್ತುವುದು?

ನನ್ನ ತಮ್ಮನ ಮನೆಯಲ್ಲಂತೂ ನಾನು ಪಕ್ಕಾ ನೆಂಟಳು. ಅದು ಅವರೆಯ ಕಾಲ. ನಮ್ಮ ಕಡೆ ರಾತ್ರಿ ಕಾಳು ನೆನೆಹಾಕಿದರೆ ಮಾರನೆಯ ದಿನ ಮನೆಗೆ ಬಂದವರೆಲ್ಲ ಕೂತು ಸಿಪ್ಪೆಯಿಂದ ಬೇಳೆ ಹಿತಕಲೇಬೇಕು. ಕರೆಯುವ ಪದ್ಧತಿ ಇಲ್ಲ. ಕರೆದು ಕೂರಿಸುವುದು ನೆಂಟರನ್ನು ಮಾತ್ರ. ಎಲ್ಲರೂ ನೆಲದ ಮೇಲೆ ಕೂತು ಹಿತಕುತ್ತಿದ್ದರೆ ನನಗೊಂದು ಕುರ್ಚಿ, ತಟ್ಟೆಯಲ್ಲಿ ಬಿಸ್ಕತ್ತು, ಸೀಲು ಒಡೆಯದ ನೀರಿನ ಬಾಟಲಿ!

ಪಕ್ಕದ ಮನೆಯಿಂದ ಗೆಳತಿ ಬಂದಳು. ನನ್ನನ್ನೂ ಬಾಟಲಿಯನ್ನೂ ನೋಡಿದಳು.

"ಇದ್ಯಾಕೆ ಇವ್ಳಿಗೆ?"

"ಫಾರಿನ್ನಿಂದ ಬಂದವ್ರೆ, ಅತ್ತಿಗೆಗೆ ಒಟ್ಟೆಗಿಟ್ಟೆ ಕೆಟ್ರೆ ಅಂತ" ಎಂದಳು ತಮ್ಮನ ಹೆಂಡತಿ.

"ಏಮಾವತಿ ಕಾಲ್ವೆ ನೀರ್ ಕುಡ್ದು ಬೆಳ್ದಿರೋ ಒಟ್ಟೆ ಅದು. ಕೆಡಾದಿದ್ರೆ ಅವಾಗ್ಲೇ ಕೆಡ್ತಿತ್ತು."

ಹಾಗೆಂದವಳೇ ಬಾಟಲಿ ನೀರನ್ನು ಕಾಳಿನ ಪಾತ್ರೆಗೆ ಸುರಿದು, ನನ್ನನ್ನು ಕುರ್ಚಿಯಿಂದ ಎಳೆದು ನೆಲಕ್ಕೆ ಕೂರಿಸಿದಳು. ನನಗೆ ಹಿತಕುವ ರೂಢಿ ತಪ್ಪಿಹೋಗಿತ್ತು. ಮೊದಲನೆಯ ಬೇಳೆ ಚಿಮ್ಮಿ ತಮ್ಮನ ಕಣ್ಣಿಗೆ ಬಿತ್ತು, ಎರಡನೆಯದು ದೇವರ ಗೂಡು ಸೇರಿತು. ಅಂದು ರಾತ್ರಿಯ ಸಾರು ಕುಡಿದು, "ಫಾರಿನ್ ನೀರಿನ್ ರುಚೀನೇ ಬೇರೆ ಬುಡು" ಎಂದು ಬಾಯಿ ಚಪ್ಪರಿಸಿದವಳೂ ಇವಳೇ.

ಇನ್ನೊಂದು ದಿನ ಹೊಸಹೊಳಲಿಗೆ ಹೊರಟೆವು, ಅಲ್ಲಿದ್ದ ನಮ್ಮ ಕ್ಲಾಸ್‌ಮೇಟನ್ನು ನೋಡಲು. ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ತಾನೆ? ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. ನನ್ನ ಪರ್ಸಿನಲ್ಲಿದ್ದುದು ಮಸ್ಕತ್ತಿನ ಆಸ್ಪತ್ರೆಯ ಕಾರ್ಡು ಮಾತ್ರ. ಟಿಕೆಟ್ ತೆಗೆದುಕೊಳ್ಳೋಣವೆಂದು ನೋಟು ಚಾಚಿದರೆ ಗೆಳತಿ ಕೈಗೆ ಒಂದು ಬಾರಿಸಿದಳು.

"ನೀನೇನ್ ಓರ್ಗಿನೋಳಾ ಟಿಕೆಟ್ ತಗಳಕೆ? ಸಾರ್, ನಾನ್ ಏಳ್ತೀನಲ್ಲ, ಇವ್ಳು ನಮ್ಮೂರೋಳೇ."

"ನೀವ್ ಏಳಿದ್ರೆ ಆಗಕಿಲ್ಲ ಕಣಕ್ಕ, ಕಾರ್ಡ್ ಏಳ್ಬೇಕು" ಎಂದ ಕಂಡಕ್ಟರ್.

ಬಸ್ಸಿಗೆ ಬಸ್ಸೇ ನಕ್ಕಿತು. ಗೆಳತಿ ಬಸ್ ನಿಲ್ಲಿಸಿ, ನನ್ನನ್ನೂ ಇಳಿಸಿ, ಹೊಸಹೊಳಲಿನವರೆಗೆ ಬಿಸಿಲಲ್ಲಿ ನಡೆಸಿದಳು. ಟಿಕೆಟ್ಟೇನೋ ತೆಗೆದುಕೊಳ್ಳಲಿಲ್ಲ; ಚಪ್ಪಲಿ ಕಿತ್ತುಹೋಯಿತು. ಅಲ್ಲಿ ಆ ಕ್ಲಾಸ್‌ಮೇಟೂ "ಯಾವಾಗ್ ವಾಪಸ್ಸು?" ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಇವಳು, "ಇವ್ಳು ಎಲ್ಗೂ ವೋಗಕಿಲ್ಲ" ಎಂದುಬಿಟ್ಟಳು.

ರಜೆ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಅವಳ ಮನೆ ಜಗಲಿಯಲ್ಲಿ ಕಾಳು ಹಿತಕುತ್ತ ಕೂತಿದ್ದಾಗ ನನಗೆ ರೇಗಿಹೋಯಿತು.

"ನಾಡಿದ್ದು ನಾನ್ ಹೊರಡ್ಬೇಕು. ಕಂಡೋರಿಗೆಲ್ಲ ಯಾಕೆ ಸುಳ್ಳು ಹೇಳ್ಕೊಂಡ್ ಬರ್ತಿದೀಯ?"

ಅವಳು ಕಾಳಿನಿಂದ ಕೈ ತೆಗೆಯದೆಯೇ ಹೇಳಿದಳು.

"ನಿಮ್ಮವ್ವ ಸಾಯೋ ದಿನ ನಾನೇ ಪಕ್ಕದಲ್ಲಿ ಕುಂತಿದ್ದೆ. ನಿಂಗೆ ರಜ ಸಿಕ್ಕಿರ್ನಿಲ್ವಲ್ಲ. ಅವ್ವಂಗೆ ಕಣ್ ಸರಿಯಾಗ್ ಕಾಣ್ತಿರ್ನಿಲ್ಲ. ನನ್ ಕೈ ಇಡ್ಕಂಡು, ಬಂದ್ಯಾ ಮಗ್ಳೇ ಅಂತು. ಊಂ ಕಣವ್ವ, ಬಂದಿವ್ನಿ ಅಂದೆ. ತಿರ್ಗಾ ವೊಂಟೋಗ್ಬುಡ್ತೀಯಾ ಅಂತು. ಇಲ್ಲ ಕಣವ್ವ, ಇನ್ ಎಲ್ಗೂ ವೋಗಕಿಲ್ಲ ಅಂದೆ."

"ಅದಕ್ಕೆ ಅವ್ವ ಏನಂದ್ಲು?"

"ಅಂಗಾದ್ರೆ ಬೀದಿ ಬಾಗ್ಲು ಆಕ್ಬುಡು ಅಂತು. ಇನ್ಯಾರೂ ಬರೋರಿಲ್ಲ ಅಂತು. ನೀನ್ ಬರ್ತೀಯ ಅಂತ ಅಷ್ಟ್ ದಿನದಿಂದ ಆಕ್ಸಿರ್ಲೇ ಇಲ್ಲ, ಅಮ್ಮಿ. ನಾನೇ ಎದ್ದೋಗಿ ಆಕ್ದೆ."

ನಾನು ಗಟ್ಟಿಯಾಗಿ ಅತ್ತೆ. ಅವಳು ಸೆರಗಿನಲ್ಲಿ ನನ್ನ ಮುಖ ಒರೆಸಿದಳು, ಅವರೆಯ ಸೊಗಡು ಮೂಗಿಗೆ ತುಂಬಿತು. ಆ ಜಗಲಿಯಿಂದಲೇ ಮಸ್ಕತ್ತಿಗೆ ಫೋನು ಮಾಡಿ, ನಾನು ಇನ್ನು ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದೆ.