ಬಾಯಿಬಿಡಬೇಡಿ, ಭಾವ ಬರುತ್ತಿದ್ದಾರೆ

ನಮ್ಮ ಭಾವನ ಎದುರಿಗೆ ಯಾರೂ ಏನನ್ನೂ ಕಂಡುಹಿಡಿಯಬಾರದು. ಕಂಡುಹಿಡಿದರೂ ಬಾಯಿಬಿಡಬಾರದು! ಅಕ್ಕನ ಗಂಡ ಎಂದು ಸಹಿಸಿಕೊಂಡಿದ್ದೇನೆ. ಬೇರೆಯವರಾಗಿದ್ದರೆ ಜಯನಗರದ ಆ ರಸ್ತೆಗೇ ಕಾಲಿಡುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಲ್ಯಾಬಿನಲ್ಲಿ ರಸಾಯನಶಾಸ್ತ್ರದ ಸಂಶೋಧಕರಾಗಿದ್ದಾಗ ಮಹಾ ವಾಚಾಳಿ. ಗೋಡೆಗೆ ಬೂಷ್ಟು ಹಿಡಿಯದಂಥ ಬಣ್ಣವೊಂದನ್ನು ಮಾಡಿ, ಖುಷಿಯಲ್ಲಿ ಊರಿಗೆಲ್ಲ ಡಂಗುರ ಸಾರಿದರು. ಸೆಮಿನಾರುಗಳಲ್ಲಿ ಹೇಳಿದರು, ಪತ್ರಿಕೆಗಳಲ್ಲಿ ಬರೆದರು, ನಮ್ಮ ಗೃಹಪ್ರವೇಶದಲ್ಲಿ ಪುರೋಹಿತರನ್ನೂ ಬಿಡಲಿಲ್ಲ! ವರ್ಷಗಳಾದ ಮೇಲೆ ಪೇಟೆಂಟ್ ಕೇಳಲು ಹೋದರೆ, ಜಗತ್ತಿಗೆಲ್ಲ ಗೊತ್ತಾದದ್ದಕ್ಕೆ ಹಕ್ಕು ಸಿಗುವುದಿಲ್ಲ ಎಂದರಂತೆ. ಆ ಬಣ್ಣವನ್ನು ಈಗ ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ಭಾವ ಬಿಳಿ ಕೋಟು ಕಳಚಿ, ತಲೆ ನರೆತ ಮೇಲೆ ಕಾನೂನು ಓದಿ, ಪೇಟೆಂಟ್ ವಕೀಲರಾದರು.

ಅಲ್ಲಿಂದ ನಮ್ಮ ಗ್ರಹಚಾರ ಶುರು. ಪೇಟೆಂಟ್ ಅರ್ಜಿಯಲ್ಲಿ ಎಲ್ಲವನ್ನೂ, ಯಾರೂ ನುಸುಳದಂತೆ ಬಿಗಿದು, ಒಂದೇ ವಾಕ್ಯದಲ್ಲಿ ಹೇಳಬೇಕಂತೆ. ಅದರ ಅಭ್ಯಾಸ ದರ್ಶಿನಿಯಲ್ಲಿ ನಡೆಯಿತು. "ಆವಿಯಲ್ಲಿ ಬೆಂದ, ದುಂಡಗಿನ, ಕನಿಷ್ಠ ಒಂದು ಚಟ್ನಿಯೊಂದಿಗೆ ಕೂಡಿದ ಪದಾರ್ಥ" ಎಂದರೆ ಕೌಂಟರಿನವನು ಏನು ಮಾಡಬೇಕು? ಪಾಪ, ತಟ್ಟೆ ಇಡ್ಲಿ ಕೊಟ್ಟ.

"ನೋಡ್ದ್ಯಾ, ಸಣ್ಣದು ಅಂತ ನಾನು ಹೇಳ್ಲಿಲ್ಲ. ಅಲ್ಲೇ ನುಸುಳ್ಕೊಂಡ," ಎಂದರು ಭಾವ, ಮೆಚ್ಚುಗೆಯಿಂದ.

ತ್ಯಾಗರಾಜನಗರದಲ್ಲಿ ಸೋದರಮಾವನ ಷಷ್ಟಿಪೂರ್ತಿ. ಅಡಿಗೆ ಭಟ್ಟರು ಪುಳಿಯೋಗರೆ ಗೊಜ್ಜಿನ ಗುಟ್ಟು ಹೇಳಲು ಬಾಯಿ ತೆರೆದಿದ್ದರಷ್ಟೇ, ಭಾವ ಎಲೆಯ ಮುಂದಿನಿಂದ ಎಂಜಲುಗೈಯಲ್ಲೇ ಎದ್ದು ಓಡಿಬಂದರು. "ಭಟ್ರೇ, ಹೇಳ್ಬೇಡಿ. ಹೇಳ್ಬಿಟ್ರೆ ಆಮೇಲೆ ಅದು ನಿಮ್ದಲ್ಲ."

ಅಂದಿನಿಂದ ಆ ಭಟ್ಟರು ಸಾರಿಗೆ ಉಪ್ಪು ಹಾಕಿದ್ದೀರಾ ಎಂದರೂ ಉತ್ತರ ಕೊಡುವುದಿಲ್ಲ! ಅವಮಾನದಿಂದ ಅಕ್ಕ ಮಾತು ಬಿಟ್ಟಳು. ಅದು ಶಿಕ್ಷೆ ಎಂದು ಭಾವನಿಗೆ ಹೊಳೆಯಲೇ ಇಲ್ಲ.

ಮೊನ್ನೆ ಬಿಟಿಎಂನಲ್ಲಿ ಬಾಡಿಗೆಗಿರುವ ಕಲಬುರಗಿಯ ಹುಡುಗಿಯೊಬ್ಬಳು ಭಾವನನ್ನು ಹುಡುಕಿಕೊಂಡು ಬಂದಳು. ಬೋರ್‌ವೆಲ್ ನೀರಿಗೆ ಗೀಸರಿನೊಳಗೆ ಸುಣ್ಣ ಕಟ್ಟದಂತೆ ತಡೆಯುವ ಲೇಪವೊಂದನ್ನು ತಾನೇ ಒದ್ದಾಡಿ ಮಾಡಿದ್ದಳು. ಮರುದಿನ ಬೆಳಿಗ್ಗೆ ಜೆ.ಪಿ. ನಗರದ ಸಭೆಯೊಂದರಲ್ಲಿ ಅದರ ಬಗ್ಗೆಯೇ ಅವಳ ಭಾಷಣ! ಅವಳು ಬಾಯಿಬಿಡುವ ಮೊದಲೇ ಅರ್ಜಿ ಸೇರಬೇಕು ಎಂದರು ಭಾವ. ತಕ್ಷಣ ಅವಳ ಹೆಸರಿನಲ್ಲಿ ಅರ್ಜಿ ಬರೆಯಲು ಕೂತರು.

ಬೆಳಿಗ್ಗೆ ನಾವು ಮೂವರೂ ಆಟೊದಲ್ಲಿ ಹೊರಟಾಗಲೂ ಭಾವ ಬರೆಯುತ್ತಲೇ ಇದ್ದರು. ಲ್ಯಾಪ್‌ಟಾಪಿಗೆ ನನ್ನ ತೊಡೆಯೇ ಮೇಜು. ಮೇಡಂ ಏನು ಕಂಡುಹಿಡಿದಿದ್ದಾರೆ ಎಂದು ಡ್ರೈವರ್ ವಿಚಾರಿಸಿದ್ದಕ್ಕೆ, ರಸ್ತೆ ನೋಡಿಕೊಂಡು ಓಡಿಸಪ್ಪ ಎಂದು ಗದರಿದರು. ಟ್ರಾಫಿಕ್ ಜಾಮಿಗೆ ನಾನು ಕೈಮುಗಿದದ್ದು ಜೀವನದಲ್ಲಿ ಅದೇ ಮೊದಲು!

ಸಭೆ ತಲುಪುವಷ್ಟರಲ್ಲಿ ಅರ್ಜಿಯೇನೋ ಮುಗಿದಿತ್ತು. ಕಳಿಸೋಣವೆಂದರೆ ನೆಟ್ಟು ಸುಮ್ಮನೆ ಸುತ್ತುತ್ತಿದೆ. ವೇದಿಕೆಯಿಂದ ಅವಳ ಹೆಸರು ಕರೆದೇಬಿಟ್ಟರು. ಹುಡುಗಿ ಹೋಗಿ ಮೈಕಿನ ಮುಂದೆ ನಿಂತಳು. ಎಲ್ಲರಿಗೂ ನಮಸ್ಕಾರ ಮಾಡಿದಳು, ನೀರು ಕುಡಿದಳು, ಮತ್ತೊಮ್ಮೆ ನಮಸ್ಕಾರ ಮಾಡಿದಳು. ಸಭೆಯಲ್ಲಿ ಗುಸುಗುಸು. ಕಡೆಗೆ ಮೈಕಿನಲ್ಲೇ ಕೇಳಿದಳು: "ಸರ್, ಈಗ ಹೇಳ್ಲೇನ್ರಿ?"

ಅಷ್ಟರಲ್ಲಿ, ಅರ್ಜಿ ಸೇರಿತು ಎಂಬುದಕ್ಕೆ ಸಂಖ್ಯೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂತು. ಭಾವ ಎದ್ದು ನಿಂತರು.

"ಹೇಳಮ್ಮ. ಎಲ್ಲಾ ಹೇಳು."

ಅವಳು ಶುರುಮಾಡಿದಳು. ಎಂಥ ಉತ್ಸಾಹ ಅವಳದು! ಭಾವ ಕುಸಿದು ಕೂತು, ಪಕ್ಕದಲ್ಲಿದ್ದ ಯಾರೋ ಅಪರಿಚಿತರ ಕೈ ಹಿಡಿದುಕೊಂಡು, ಅವರು ಕೇಳದಿದ್ದರೂ ಹೇಳತೊಡಗಿದರು.

"ಅವಳ್ದೇ ಸಾರ್. ಪೂರ್ತಿ ಅವಳ್ದೇ."

ಹೇಳುತ್ತಲೇ ಅಳುತ್ತಿದ್ದರು.