ನಾನು ತಪಾಸಣೆ ಮಾಡಿದ ಹದಿನಾಲ್ಕು ಗಿಡಗಳು

ಜನಗಣತಿ, ಚುನಾವಣೆ, ಪೋಲಿಯೊ ಹನಿ - ಯಾವ ಕೆಲಸಕ್ಕೂ ಜನ ಸಿಗದಿದ್ದರೆ ಸರ್ಕಾರಕ್ಕೆ ತಟ್ಟನೆ ನೆನಪಾಗುವವನು ಮಾಸ್ತರ. ಆದರೆ ಎರಡು ಸಾವಿರದ ಆರನೆಯ ಇಸವಿಯ ಮಾರ್ಚ್‌ನಲ್ಲಿ ನನಗೆ ಬಂದ ಆದೇಶ ಅಂಥಿಂಥದ್ದಲ್ಲ. ಗಜೇಂದ್ರಗಡದ ಗುಡ್ಡದ ಹಿಂದೆ ಕೈಬಿಟ್ಟ ಕಲ್ಲುಗಣಿಯೊಂದಕ್ಕೆ ಮಣ್ಣು ತುಂಬಿ, ಸಸಿ ನೆಟ್ಟಿದ್ದರು. ಅವು ಬದುಕಿವೆಯೋ ಇಲ್ಲವೋ ನೋಡಿ ವರದಿ ಕೊಡಲು, ನರೇಗಲ್ಲಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನನ್ನು 'ವಿಷಯ ತಜ್ಞ' ಎಂದು ನೇಮಿಸಲಾಗಿತ್ತು. ತಜ್ಞ! ಆ ಶಬ್ದವನ್ನು ಮೂರು ಸಲ ಓದಿಕೊಂಡು, ಹೆಂಡತಿಗೂ ಗಟ್ಟಿಯಾಗಿ ಓದಿ ಹೇಳಿದೆ.

"ನೀವಾ?" ಎಂದಳು ಶಾರದಾ. "ಕಟ್ಟಿ ಮ್ಯಾಲಿನ ತುಳಸಿ ಮೂರ ಸರ್ತಿ ಒಣಗಿಸೀರಿ. ಆ ಗಿಡಾ ಏನ ಪಾಪ ಮಾಡ್ಯಾವ್ರಿ?"

"ಅದು ಸಾಕೂ ಕೆಲಸ. ಇದು ತಪಾಸಣಿ. ಎರಡೂ ಬ್ಯಾರೆ ಬ್ಯಾರೆ!" ಎಂದು ಗಂಭೀರವಾಗಿ ಉತ್ತರಿಸಿ ಬಸ್ಸು ಹತ್ತಿದೆ.

ಆದೇಶದ ಜೊತೆ ಎಂಟು ಪುಟಗಳ ನಮೂನೆಯೂ ಇತ್ತು. ಎಲ್ಲೋ ದೂರದ ಕಲ್ಲಿದ್ದಲು ಗಣಿಗಳಿಗಾಗಿ ಅಚ್ಚು ಹಾಕಿಸಿದ್ದನ್ನೇ ನಮ್ಮ ಕಲ್ಲುಗಣಿಗೂ ಕಳಿಸಿಬಿಟ್ಟಿದ್ದರು. ನಾನು ನಿಯಮ ಮೀರುವ ಮನುಷ್ಯನಲ್ಲ. ಮೊದಲ ಪ್ರಶ್ನೆಯಿಂದಲೇ ಶುರು ಮಾಡಿದೆ.

ಗಿಡ ಕಾಯುತ್ತಿದ್ದವನು ಮೌಲಾಸಾಬ. ಇಪ್ಪತ್ತು ವರ್ಷ ಅದೇ ಗಣಿಯಲ್ಲಿ ಕಲ್ಲು ಒಡೆದವನು, ಈಗ ಕೆಳಗಿನ ಬೋರಿನಿಂದ ಕೊಡ ಹೊತ್ತು ತಂದು ಗಿಡಕ್ಕೆ ನೀರು ಹಾಕುತ್ತಿದ್ದ.

"ನೆಲದಾಗ ಕಲ್ಲಿದ್ದಲಿನ ಬೆಂಕಿ ಏನರೆ ಉರಿಯಾಕತ್ತೇತೇನು?" ಎಂದು ಕೇಳಿದೆ.

"ನೆಲದಾಗ ಇಲ್ರಿ ಸರ್," ಎಂದು ಅವನು ನೆತ್ತಿಯ ಮೇಲಿನ ಸೂರ್ಯನನ್ನು ತೋರಿಸಿದ. "ಬೆಂಕಿ ಎಲ್ಲಾ ಮ್ಯಾಲ ಐತಿ."

ನಾನು 'ಇಲ್ಲ' ಎಂದು ಬರೆದುಕೊಂಡೆ.

ಆಮೇಲೆ ಅವನು ಅಳುಕುತ್ತ ಹೇಳಿದ: "ಸರ್, ನಿಮ್ಮ ವರದಿ ಚಲೋ ಬಂದ್ರ ಮುಂದಿನ ವರ್ಷಾನೂ ನನ್ನ ಇಟಗೋತಾರಂತ. ಈ ಗುಂಡಿ ತೋಡಿದಾಂವ ನಾನ. ಹಸರು ಮಾಡಾಂವನೂ ನಾನ ಆಗಬೇಕಂತ ಆಸೆ ಐತ್ರಿ."

ನನ್ನ ಮನಸ್ಸು ಕರಗಿತು. ಆದರೆ ತಜ್ಞನ ಮನಸ್ಸು ಅಷ್ಟು ಲಗೂ ಕರಗಬಾರದಲ್ಲ! ತಪಾಸಣೆಯ ಹಿಂದಿನ ದಿನ ಟೊಂಗೆ ಕಡಿದು ತಂದು ಮಣ್ಣಿಗೆ ಚುಚ್ಚಿ, ಇದೇ ಗಿಡ ಎಂದು ತೋರಿಸುವ ಮೋಸದ ಬಗ್ಗೆ ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ಇಲ್ಲಿ ನೋಡಿದರೆ ಬೇವು, ಹೊಂಗೆ, ಸೀತಾಫಲ ಸೇರಿ ಹದಿನಾಲ್ಕು ಸಾಲು. ಇಂಥ ಬಿಸಿಲಿನಲ್ಲಿ ಇಷ್ಟು ಹಸಿರೇ? ಮೊದಲ ಸಾಲಿನ ಮೊದಲ ಬೇವಿಗೆ ಕೈ ಹಾಕಿದೆ.

"ಜಗ್ಗಬ್ಯಾಡ್ರಿ ಸರ್!" ಎಂದು ಮೌಲಾಸಾಬ ಕೂಗಿದ.

ಸಿಕ್ಕಿಬಿದ್ದವರು ಹೀಗೇ ಕೂಗುತ್ತಾರೆ! ನನ್ನ ಅನುಮಾನ ಖಾತ್ರಿಯಾಯಿತು. "ನೀರಡಿಕಿ ಆಗೇತಿ, ತಣ್ಣಗ ಒಂದ ತಂಬಿಗಿ ನೀರ ತಗೊಂಡ ಬಾರಪಾ," ಎಂದು ಅವನನ್ನು ಉಪಾಯವಾಗಿ ಬೋರಿಗೆ ಸಾಗಹಾಕಿದೆ. ಅವನು ಮರೆಯಾದ ಕೂಡಲೆ ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಗಿಡ ಬಂತು. ಬೇರೂ ಬಂತು! ನಿಜವಾದ, ಹಸಿಹಸಿಯಾದ ಬೇರು.

ಆದರೆ ಒಂದೇ ಗಿಡ ನೋಡಿ ತೀರ್ಮಾನಕ್ಕೆ ಬರುವುದು ವಿಜ್ಞಾನವಲ್ಲ. ಹಾಗಾಗಿ ಪ್ರತಿ ಸಾಲಿನ ಮೊದಲ ಗಿಡವನ್ನೂ ಕಿತ್ತು ಪರೀಕ್ಷಿಸಿದೆ. ಹದಿನಾಲ್ಕಕ್ಕೂ ಬೇರಿತ್ತು! ಖುಷಿಯಿಂದ ಎಲ್ಲವನ್ನೂ ಮತ್ತೆ ಅವವೇ ಕುಣಿಗಳಲ್ಲಿ ನಿಲ್ಲಿಸಿ, ಬೂಟಿನಿಂದ ಮಣ್ಣು ಒತ್ತಿದೆ. ಮೌಲಾಸಾಬ ತಂಬಿಗೆ ಹಿಡಿದು ಬರುವಷ್ಟರಲ್ಲಿ ನಾನು ನೆರಳಿನಲ್ಲಿ ಕುಳಿತು ಐದನೆಯ ಪುಟ ತುಂಬುತ್ತಿದ್ದೆ. ಗಿಡಗಳ ಸ್ಥಿತಿ: ಅತ್ಯುತ್ತಮ. ಬೇರಿನ ಸ್ಥಿತಿ: ಸ್ವತಃ ನೋಡಲಾಗಿದೆ.

ಹದಿನೈದು ದಿನ ಬಿಟ್ಟು ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ಮೆಚ್ಚುಗೆಯ ಮಾತು ಕೇಳಲು ನಾನೂ ಒಗೆದ ಅಂಗಿ ತೊಟ್ಟು ಹೋಗಿದ್ದೆ. ಜೀಪಿನಿಂದ ಇಳಿಯುತ್ತಲೇ ಅವರು ನಿಂತುಬಿಟ್ಟರು. ದಾರಿಯ ಬದಿಗೆ ಸಾಲಾಗಿ ಹದಿನಾಲ್ಕು ಗಿಡಗಳು ಒಣಗಿ ಕಡ್ಡಿಯಾಗಿದ್ದವು. ಉಳಿದವೆಲ್ಲ ಹಸಿರು!

"ಪ್ರತಿ ಸಾಲಿನ ಮೊದಲನೇ ಗಿಡಾ ಅಷ್ಟ ಹ್ಯಾಂಗ ಸತ್ತಾವ್ರಿ? ಇದ್ಯಾವ ರೋಗ?"

"ಅಂಚಿನ ಗಿಡಗಳಿಗೆ ಬಿಸಿಗಾಳಿ... ಪಡುವಣ ದಿಕ್ಕಿನಿಂದ..." ಎಂದು ನಾನು ಗ್ರಾಂಥಿಕ ಭಾಷೆಗೆ ಶರಣಾದೆ.

"ಗಾಳಿ ಅಲ್ರಿ, ಇದು ನಿರ್ಲಕ್ಷ್ಯ!" ಎಂದು ಅವರು ಮೌಲಾಸಾಬನ ಕಡೆ ತಿರುಗಿದರು. "ದಂಡೀ ಗಿಡಕ್ಕ ನೀರ ಹಾಕಾಕ ಬ್ಯಾಸರಾತೇನು? ನಾಳಿಂದ ಬರಬ್ಯಾಡ."

ಮೌಲಾಸಾಬ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬಾಯಿಬಿಟ್ಟು ಹೇಳುವ ಧೈರ್ಯವೂ ಸಾಲದೆ, "ಸರ್, ಒಂದೀಟು ಐದನೇ ಪುಟಾ ನೋಡ್ರಿ," ಎಂದೆ.

ಅವರು ಓದಿದರು. ಮತ್ತೊಮ್ಮೆ ಓದಿದರು. "ಬೇರಿನ ಸ್ಥಿತಿ ಸ್ವತಃ ನೋಡಲಾಗಿದೆ... ಹ್ಯಾಂಗ ನೋಡಿದ್ರಿ?"

"ಜಗ್ಗಿ ನೋಡಿದೆ ಸರ್."

"ಎಷ್ಟು?"

"ಹದಿನಾಲ್ಕು."

ಜೀಪಿನ ಡ್ರೈವರ್ ಮುಖ ಆಚೆ ತಿರುಗಿಸಿದ. ಅವನ ಹೆಗಲು ಮಾತ್ರ ಕುಲುಕುತ್ತಿತ್ತು. ಅಧಿಕಾರಿಗಳು ನಮೂನೆಯನ್ನು ನನ್ನ ಕೈಗೆ ಕೊಟ್ಟು ಗಿಡ ಸತ್ತ ಕಾರಣ ಬರೆಯಲು ಹೇಳಿದರು. ಬರ, ಜಾನುವಾರು, ಬೆಂಕಿ, ಕಲ್ಲಿದ್ದಲಿನ ಅನಿಲ, ಇತರೆ ಎಂದು ಐದು ಕಾರಣ ಅಚ್ಚಾಗಿದ್ದವು. 'ಇತರೆ'ಗೆ ಗುರುತು ಹಾಕಿ, ಮುಂದೆ ಬರೆದೆ: 'ತಪಾಸಣೆ'.

ಮೌಲಾಸಾಬನ ಕೆಲಸ ಉಳಿಯಿತು. ಜೀಪು ಹೋದ ಮೇಲೆ, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಅವತ್ತ ಸಂಜಿಗೇ ಬೂಟಿನ ಗುರ್ತ ನೋಡಿದ್ನಿರಿ. ದಿನಾ ಎರಡೆರಡ ಕೊಡಾ ಜಾಸ್ತಿ ಹಾಕಿದೆ, ಬದುಕಲಿಲ್ಲ. ಆದ್ರ ಮಾಸ್ತರ ಹೆಸರ ಹ್ಯಾಂಗ ಹೇಳೂದ್ರಿ?"

ಮಳೆಗಾಲ ಶುರುವಾದ ಮೇಲೆ ಹದಿನಾಲ್ಕು ಸಸಿ ಹೊತ್ತುಕೊಂಡು ಮತ್ತೆ ಹೋದೆ. ಅಲ್ಲಿ ಸುತ್ತಲೂ ಮುಳ್ಳುಬೇಲಿ ಬಂದಿತ್ತು. ಮೌಲಾಸಾಬ ನಗುತ್ತ ಎದುರು ಬಂದು ಸಸಿಗಳನ್ನೆಲ್ಲ ಇಳಿಸಿಕೊಂಡ.

"ಬರ್ರಿ ಸರ್, ಒಳಗ ಬರ್ರಿ. ನಾ ಹಚ್ತೀನಿ, ನೀವು ನಿಂತ ನೋಡ್ರಿ. ಆದ್ರ ಸಿಟ್ಟ ಆಗಬ್ಯಾಡ್ರಿ, ಕೈ ಅಷ್ಟ ಹಿಂದ ಕಟಗೊಳ್ರಿ."

ಹದಿನೆಂಟು ವರ್ಷಗಳಿಂದ ಹುಡುಗರಿಗೆ ಕೈ ಕಟ್ಟಿ ನಿಲ್ಲಿರಿ ಎಂದು ಗದರಿದವನು ನಾನು. ಹದಿನಾಲ್ಕನೆಯ ಸಸಿ ನೆಟ್ಟು ಮುಗಿಯುವವರೆಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.