ನನ್ನ ಕಾಲು, ಎಲ್ಲರ ಬೆನ್ನು

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಾನು ಅಡುಗೆಮನೆಯ ಗೋಡೆಗೂ ನನ್ನ ಬೆನ್ನಿಗೂ ನಡುವೆ ಒಂದು ಟೆನಿಸ್ ಚೆಂಡು ಸಿಕ್ಕಿಸಿಕೊಂಡು ಮೇಲೆ ಕೆಳಗೆ ಉಜ್ಜುತ್ತಿದ್ದೆ. (ಕರಡಿ ಮರಕ್ಕೆ ಬೆನ್ನು ತಿಕ್ಕುವುದನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಡ.)

ನನ್ನ ಸ್ನಾಯುನೋವಿಗೆ ಈಗ ನಾಲ್ಕನೆಯ ವರ್ಷ. ಕುತ್ತಿಗೆಯಿಂದ ಹೊರಟು, ಭುಜದಲ್ಲಿ ತಂಗಿ, ಬೆನ್ನಿಗೆ ಇಳಿಯುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ಅದೇ ನನ್ನ ದುರದೃಷ್ಟ. ಏಕೆಂದರೆ ನನ್ನ ಯಜಮಾನರಾದ ಮಧುಸೂದನ ಓದುವುದು ರಿಪೋರ್ಟಿನ ಕೊನೆಯ ಸಾಲನ್ನು ಮಾತ್ರ.

"ನಾರ್ಮಲ್ ಹೇಳೇ ಇದ್ದಲೆ ಮಾರಾಯ್ತಿ. ನಾರ್ಮಲ್ ಇದ್ದವ್ಕೆ ಎಂತಾ ನೋವು?"

ಕುಮಟಾದ ಈ ಮನೆಯಲ್ಲಿ ಯಜಮಾನರು, ಅತ್ತೆ, ನಾನು ಎಂದು ಮೂವರಿದ್ದೇವೆ. ನೋವು ಮಾತ್ರ ನನ್ನೊಬ್ಬಳ ಜೊತೆ ಮಾತಾಡುತ್ತದೆ.

ಹೊನ್ನಾವರದ ಫಿಸಿಯೋಥೆರಪಿಸ್ಟ್ ಸುಚಿತಾ ಹೋದ ಸಲ ಹೇಳಿದ್ದಳು: "ಈ ನೋವು ಎಕ್ಸ್‌ರೇ ಫಿಲ್ಮಿನಲ್ಲಿ ಕಾಣೂದಿಲ್ಲ. ದಿನಾ ಸ್ವಲ್ಪ ನಡೀರಿ, ಶಾಖ ಕೊಡಿ, ನಿದ್ದೆ ಮಾಡಿ, ಕೆಲಸದ ಮಧ್ಯೆ ಕೂತ್ಕಳಿ. ಮನೆಯವ್ರಿಗೂ ಅರ್ಥ ಆಗ್ಬೇಕು. ಮುಂದಿನ ಸಲ ಕರ್ಕಂಡೇ ಬನ್ನಿ, ನಾ ಹೇಳ್ತೆ."

ಆ ಮುಂದಿನ ಸಲ ಇವತ್ತು. ಯಜಮಾನರು ಬರಲು ಒಪ್ಪಿದ್ದರು. ನನ್ನ ನೋವು ನಿಜ ಎಂದು ಒಬ್ಬರಾದರೂ ಅವರ ಎದುರು ಹೇಳಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಆಗ ಅತ್ತೆ ಮಾದೇವಿಯವರು ಸೊಂಟಕ್ಕೆ ಕೈಕೊಟ್ಟು ಬಂದರು. "ತಂಗೀ, ಬೆನ್ನು ಹಿಡ್ಕಂಜೆ. ಒಂದ್ಸಲ ಕಾಲು ಮುಟ್ಸು."

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದ ಮುಟ್ಟಿಸಿದರೆ ಹಿಡಿದ ಬೆನ್ನು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನ ಬಿ.ಎಸ್ಸಿ.ಗೆ ಈ ಓಣಿಯಲ್ಲಿ ಕಾಸಿನ ಬೆಲೆಯಿಲ್ಲ, ನನ್ನ ಬಲಗಾಲಿಗೆ ಮಾತ್ರ ತಜ್ಞವೈದ್ಯರ ಸ್ಥಾನಮಾನ. ಅತ್ತೆ ಆಗಲೇ ಚಾಪೆಯ ಮೇಲೆ ಬೋರಲಾಗಿದ್ದರು.

"ಅತ್ತೆ, ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲೆ."

"ಆಧಾರ ಬೇಕಾದ್ರೆ ಗೋಡೆ ಹಿಡ್ಕ. ಕಾಲು ಎತ್ತು."

ಗೋಡೆ ಹಿಡಿದು, ಅತ್ತೆಯ ಬೆನ್ನಿಗೆ ಪಾದ ಮುಟ್ಟಿಸಿ, ಕೂಡಲೇ ಅದೇ ಅತ್ತೆಗೆ ನಮಸ್ಕರಿಸಿದೆ. (ಸೊಸೆಯಂದಿರಲ್ಲಿ ಈ ಭಾಗ್ಯಕ್ಕೆ ಕಾದಿರುವವರು ಬಹಳ. ಅದು ಬಂದದ್ದು ನನಗೆ. ಆದರೆ ಒಂಟಿಕಾಲಲ್ಲಿ ನಿಂತದ್ದಕ್ಕೆ ನನ್ನ ಸೊಂಟನೋವೂ ಎದ್ದಿತು.)

"ಆತು, ಹಗೂರ ಆತು," ಎಂದು ಅತ್ತೆ ಎದ್ದರು. "ನಿಂದೂ ಬೆನ್ನು ನೋವಲ್ದಾ? ನೀನೇ ಮುಟ್ಸ್ಕಳಲೆ ಬತ್ತಿಲ್ಯಾ?"

"ಎನ್ನ ಕಾಲು ಎನ್ನ ಬೆನ್ನಿಗೆ ಎಟುಕ್ತಿಲ್ಲೆ ಅತ್ತೆ."

"ಅದೂ ಹೌದು," ಎಂದು ಅವರು ಚಹಾ ಕುಡಿಯಲು ಹೋದರು.

ಹೊರಡುವ ಹೊತ್ತಿಗೆ ಯಜಮಾನರಿಗೆ ಅಪರೂಪದ ಕರುಣೆ ಹುಟ್ಟಿತು. "ನೀ ಎತ್ತಡ, ಆನು ಇಡ್ತಿ," ಎಂದು ಬಾಗಿಲಲ್ಲಿದ್ದ ಗ್ಯಾಸ್ ಸಿಲಿಂಡರಿಗೆ ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು. ತೊಂಬತ್ತು ಡಿಗ್ರಿ.

"ಕಲ್ಪನಾ, ಕಾಲು," ಎಂದು ನೆಲಕ್ಕೆ ಹೇಳಿದರು.

ಮುಟ್ಟಿಸಿದೆ. ನೂರಿಪ್ಪತ್ತು ಡಿಗ್ರಿಗೆ ಬಂದರು. ಕಾರು ನಾನೇ ಓಡಿಸಿದೆ. ಹೊನ್ನಾವರದ ದಾರಿಯುದ್ದಕ್ಕೂ ಪ್ರತಿ ಕುಲುಕಿಗೂ ಅವರು ನರಳಿದರು. ನನ್ನ ಭುಜವೂ ಸಿಡಿಯುತ್ತಿತ್ತು. ಎರಡು ನರಳಿಕೆಗೆ ಒಂದು ಕಾರು ಸಾಲದೆಂದು ನಾನು ಸುಮ್ಮನಿದ್ದೆ.

ಸುಚಿತಾ ಬಾಗಿಲಲ್ಲೇ ಅವರ ಆಕಾರ ನೋಡಿ ಓಡಿಬಂದಳು. ನನಗೆಂದು ಹಾಸಿದ್ದ ಮಂಚದ ಮೇಲೆ ಅವರನ್ನು ಮಲಗಿಸಿದಳು. ನನಗೆಂದು ಕಾಯಿಸಿದ್ದ ಶಾಖದ ಚೀಲವೂ ಅವರ ಬೆನ್ನಿಗೇ ಹೋಯಿತು.

"ಹತ್ತಕ್ಕೆ ಎಷ್ಟು ನೋವು ಹೇಳಿ ಸರ್?"

"ಹತ್ತು. ಅಲ್ಲ, ಹನ್ನೆರಡು."

ಅರ್ಧ ಗಂಟೆ ಕಳೆಯಿತು. ಸುಚಿತಾ ನನ್ನತ್ತ ತಿರುಗಿ, "ಎರಡು ದಿನ ಇವ್ರಿಂದ ಭಾರ ಎತ್ತಿಸ್ಬೇಡಿ. ನೋವಿದ್ದವ್ರ ಕಷ್ಟ ಮನೆಯವ್ರಿಗೆ ಅರ್ಥ ಆಗ್ಬೇಕು," ಎಂದಳು. ನಾಲ್ಕು ವರ್ಷ ನಾನು ಕಾದಿದ್ದ ಮಾತು ಅದು. ವಿಳಾಸ ತಪ್ಪಿ ನನಗೇ ಬಂತು.

"ನನಗೂ ನೋವಿದೆ ಅಂತ ಇವ್ರಿಗೆ ಹೇಳ್ತೆ ಅಂದಿದ್ರಿ," ಎಂದು ಮೆಲ್ಲಗೆ ನನ್ನನ್ನೇ ತೋರಿಸಿಕೊಂಡೆ.

"ಹೌದು ಸರ್, ಮೇಡಮ್‌ದೂ ನಿಜವಾದ ನೋವೇ," ಎಂದಳು ಸುಚಿತಾ. "ಮೇಡಮ್, ಹೋದ ಸಲ ಹತ್ತಕ್ಕೆ ಎಷ್ಟು ಹೇಳಿದ್ರಿ?"

ಯಜಮಾನರು ಮಂಚದಿಂದ ತಲೆಯೆತ್ತಿದರು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ನೋವಿನ ಬಗ್ಗೆ ಅವರ ಮುಖದಲ್ಲಿ ನಿಜವಾದ ಕುತೂಹಲ. "ಎಷ್ಟು ಹೇಳಿದ್ದೆ?"

ಹೋದ ಸಲ ಎಂಟು ಎನ್ನಬಹುದಿತ್ತು. ಆದರೆ ನಾನು ವಿಜ್ಞಾನದ ವಿದ್ಯಾರ್ಥಿನಿ. ಹತ್ತು ಎಂದರೆ ಊಹಿಸಬಹುದಾದ ಪರಮಾವಧಿ ನೋವು ಎಂದು ಲೆಕ್ಕ ಹಿಡಿದು, ಒಳ್ಳೆಯ ದಿನ ಕೆಟ್ಟ ದಿನಗಳ ಸರಾಸರಿ ತೆಗೆದು, ಅವತ್ತು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದ್ದೆ: ನಾಲ್ಕೂವರೆ.